ಪಠ್ಯದಾಚೆಯ ಅಂಕ ಯಾರ ಪಾಲಿಗೆ?

ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ತುಮಕೂರಿನ ಝೆರಾಕ್ಸ್ ಅಂಗಡಿಗಳ ಮುಂದೆ ಜನ ಸೇರುತ್ತಾರೆ. ಗುಬ್ಬಿ ಕಡೆಯಿಂದ ರೈಲಿನಲ್ಲಿ ಬಂದವರು, ಕುಣಿಗಲ್ ಕಡೆಯಿಂದ ಬಸ್ಸಿನಲ್ಲಿ ಬಂದವರು, ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಫೈಲು. ಕೆಲವರ ಫೈಲು ದಪ್ಪ. ಅಂಕಪಟ್ಟಿಯ ಜೊತೆಗೆ ಎನ್.ಸಿ.ಸಿ., ಸ್ಕೌಟ್ಸ್, ಕರಾಟೆ, ಭರತನಾಟ್ಯ, ಚರ್ಚಾಸ್ಪರ್ಧೆ, ಚೆಸ್ ಹೀಗೆ ಹತ್ತಾರು ಪ್ರಮಾಣಪತ್ರಗಳು ಅದರೊಳಗಿರುತ್ತವೆ. ಇನ್ನು ಕೆಲವರ ಫೈಲು ತೆಳ್ಳಗೆ. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಷ್ಟೆ. ತೆಳು ಫೈಲಿನ ಮಗು ದಡ್ಡ ಎಂದಾಗಲೀ ಸೋಮಾರಿ ಎಂದಾಗಲೀ ಹೇಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಆ ಮಗು ಅಪ್ಪನ ಅಂಗಡಿಯಲ್ಲಿ ಕುಳಿತಿದ್ದಿರಬಹುದು, ತೋಟಕ್ಕೆ ನೀರು ಕಟ್ಟಿರಬಹುದು, ತಾಯಿಯ ಜೊತೆ ಬೀಡಿ ಸುತ್ತಿರಬಹುದು. ಆ ಹೊತ್ತಿಗೆ ಯಾರೂ ಸರ್ಟಿಫಿಕೇಟು ಕೊಡುವುದಿಲ್ಲ.

ಕಾಲೇಜಿಗೆ ಸೇರಿಸಿಕೊಳ್ಳುವಾಗ ಪಠ್ಯೇತರ ಚಟುವಟಿಕೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ? ತೆಗೆದುಕೊಂಡರೆ ಅಳೆಯುವವರು ಯಾರು, ಅಳತೆಗೋಲು ಯಾವುದು? ಮಕ್ಕಳನ್ನು ಖಾಸಗಿ ವಿಶ್ವವಿದ್ಯಾಲಯಗಳಿಗೋ ವಿದೇಶಕ್ಕೋ ಕಳುಹಿಸಬಯಸುವ ಮಧ್ಯಮ ವರ್ಗದ ಪೋಷಕರು ಇಂದು ಈ ಪ್ರಶ್ನೆಯನ್ನು ಹೊಸದೆಂಬಂತೆ ಕೇಳುತ್ತಾರೆ. ವಾಸ್ತವದಲ್ಲಿ ನಮ್ಮ ನಾಡಿಗೆ ಇದು ಹೊಸದಲ್ಲ. ಅರವತ್ತು ವರ್ಷಗಳ ಹಿಂದೆ ಮೈಸೂರು ರಾಜ್ಯ ಇದಕ್ಕೆ ಒಂದು ಉತ್ತರ ಕೊಟ್ಟು, ಆ ಉತ್ತರ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಆ ಇತಿಹಾಸವನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ.

1963ರ ಐದು ಅಂಶಗಳು

1963ನೆಯ ಇಸವಿ ತುಮಕೂರಿನ ಶೈಕ್ಷಣಿಕ ಚರಿತ್ರೆಯಲ್ಲಿ ಮುಖ್ಯವಾದ ವರ್ಷ. ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಆರಂಭವಾದದ್ದು ಆ ವರ್ಷ. ಅದೇ ವರ್ಷ ಜುಲೈಯಲ್ಲಿ ಮೈಸೂರು ಸರಕಾರ ವೃತ್ತಿಶಿಕ್ಷಣದ ಆಯ್ಕೆಯ ಬಗ್ಗೆ ಒಂದು ಸೂಚನೆ ಹೊರಡಿಸಿತು. ಐಚ್ಛಿಕ ವಿಷಯಗಳ ಪರೀಕ್ಷೆಯ ಗರಿಷ್ಠ ಅಂಕಗಳ ಶೇ. 25ರಷ್ಟನ್ನು ಸಂದರ್ಶನಕ್ಕೆ ಮೀಸಲಿಡಬೇಕು ಎಂಬುದು ಅದರ ಸಾರ. ಐಚ್ಛಿಕ ವಿಷಯಗಳಿಗೆ ಒಟ್ಟು 300 ಅಂಕ ಎಂದಿಟ್ಟುಕೊಂಡರೆ ಸಂದರ್ಶನಕ್ಕೆ 75 ಅಂಕ.

ಆಯ್ಕೆ ಸಮಿತಿ ಸಂದರ್ಶನದಲ್ಲಿ ಏನನ್ನು ನೋಡಬೇಕು ಎಂಬುದಕ್ಕೆ ಐದು ಅಂಶಗಳಿದ್ದವು. ಸಾಮಾನ್ಯ ಜ್ಞಾನ ಮೊದಲನೆಯದು. ಅಭಿರುಚಿ ಮತ್ತು ವ್ಯಕ್ತಿತ್ವ ಎರಡನೆಯದು. ಹಿಂದಿನ ವ್ಯಾಸಂಗದಲ್ಲಿ ಪಡೆದ ವಿಶೇಷ ಮನ್ನಣೆಗಳು ಮೂರನೆಯದು. ಎನ್.ಸಿ.ಸಿ. ಹಾಗೂ ಸಹಾಯಕ ಕೆಡೆಟ್ ದಳದಂಥವು ನಾಲ್ಕನೆಯದು. ಕ್ರೀಡೆ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ ಮುಂತಾದ ಪಠ್ಯೇತರ ಚಟುವಟಿಕೆಗಳು ಐದನೆಯದು. ಅಮೆರಿಕದ ವಿಶ್ವವಿದ್ಯಾಲಯಗಳು ಇಂದು ಅರ್ಜಿಯಲ್ಲಿ ಏನೇನು ಕೇಳುತ್ತವೆಯೋ ಹೆಚ್ಚುಕಡಿಮೆ ಅದೆಲ್ಲ ಆ ಪಟ್ಟಿಯಲ್ಲಿತ್ತು.

ಇದರ ಹಿಂದೆ ಕೆಟ್ಟ ಉದ್ದೇಶವಿತ್ತು ಎಂದು ನಾವು ಹೇಳುವುದಿಲ್ಲ. ಬರಿಯ ಗಿಳಿಪಾಠ ಒಪ್ಪಿಸುವವನಿಗಿಂತ ಮೈದಾನದಲ್ಲಿ ಓಡಿದವನು, ವೇದಿಕೆಯ ಮೇಲೆ ಮಾತಾಡಿದವನು ಒಳ್ಳೆಯ ವೈದ್ಯನೋ ಇಂಜಿನಿಯರನೋ ಆಗಬಲ್ಲ ಎಂಬ ನಂಬಿಕೆ ಆ ಕಾಲದ್ದು. 1948ರಲ್ಲಿ ಕಾನೂನಿನ ಮೂಲಕ ಹುಟ್ಟಿದ ಎನ್.ಸಿ.ಸಿ.ಗೆ 1949ರಲ್ಲಿ ಬಾಲಕಿಯರ ವಿಭಾಗ ಸೇರಿತ್ತು. 1962ರ ಚೀನಾ ಯುದ್ಧದ ಬೆನ್ನಿಗೆ, 1963ರಲ್ಲಿ, ಅದು ಕಾಲೇಜು ಹುಡುಗರಿಗೆ ಕಡ್ಡಾಯವೇ ಆಯಿತು. ಆ ಕಡ್ಡಾಯ 1968ರವರೆಗೂ ಇತ್ತು. ದೇಶ ಕಟ್ಟುವ ಯುವಕ ಪುಸ್ತಕದ ಹುಳುವಾಗಬಾರದು ಎಂಬುದು ಎಲ್ಲರ ಬಾಯಲ್ಲಿದ್ದ ಮಾತು.

ಆದರೆ ಆ ಪಟ್ಟಿಯನ್ನು ಗುಬ್ಬಿಯಿಂದಲೋ ಕುಣಿಗಲ್ಲಿನಿಂದಲೋ ಬಂದ ಹುಡುಗನ ಕಣ್ಣಿನಿಂದ ಓದಿ ನೋಡಬೇಕು. ಎನ್.ಸಿ.ಸಿ. ಇರುವ ಶಾಲೆ, ಚರ್ಚಾಕೂಟ ಇರುವ ಶಾಲೆ, ಟೆನಿಸ್ ಅಂಕಣ ಇರುವ ಶಾಲೆ ಎಲ್ಲಿದ್ದವು? ಹೆಚ್ಚಿನವು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ. ಹಳ್ಳಿಯ ಹುಡುಗನಿಗೆ ಈಜು ಬರುತ್ತಿತ್ತು, ಅದನ್ನು ಕಲಿತದ್ದು ಕೆರೆಯಲ್ಲಿ. ಕುಣಿಗಲ್ಲಿನ ಹೆಸರಾಂತ ಅಶ್ವಶಾಲೆಯ ಆಸುಪಾಸಿನಲ್ಲಿ ಬೆಳೆದ ಕೆಲಸಗಾರರ ಮಗನಿಗೆ ಕುದುರೆಯ ಸ್ವಭಾವ ಅಂಗೈ ಮೇಲಿನ ಗೆರೆಯಷ್ಟೇ ಪರಿಚಯ. ಆದರೆ ಸಂದರ್ಶನದಲ್ಲಿ ಅವೆರಡೂ 'ಕ್ರೀಡೆ' ಎನಿಸಿಕೊಳ್ಳುವ ಸಂಭವ ಎಷ್ಟಿತ್ತು? ನೆರೆಮನೆಯ ಮುದುಕಿಯನ್ನು ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದದ್ದು 'ಸಮಾಜಸೇವೆ' ಎಂದು ಹೇಳಿಕೊಳ್ಳಲು ಆ ಹುಡುಗನಿಗೆ ನಾಲಗೆಯೂ ಏಳುತ್ತಿರಲಿಲ್ಲ. ಅದು ಅವನ ಮನೆಯಲ್ಲಿ ಹೇಳಿಕೊಳ್ಳುವ ವಿಷಯವೇ ಆಗಿರಲಿಲ್ಲ.

ಗುಬ್ಬಿಯ ನಾಟಕ, ಪಟ್ಟಿಯ ನಾಟಕ

ಆ ಐದನೆಯ ಅಂಶದಲ್ಲಿ 'ನಾಟಕ' ಎಂಬ ಪದವಿದೆ. ತುಮಕೂರು ಜಿಲ್ಲೆಯವರಾದ ಯಾರಿಗೂ ಆ ಪದ ಓದಿದಾಗ ಗುಬ್ಬಿ ನೆನಪಾಗದೆ ಇರದು. 1884ರಲ್ಲಿ ಆರಂಭವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಬಾಲಕನಾಗಿಯೇ ಸೇರಿದ ಗುಬ್ಬಿ ವೀರಣ್ಣನವರು (1891-1972) ಮುಂದೆ ಅದರ ಒಡೆಯರಾಗಿ ಕನ್ನಡ ವೃತ್ತಿರಂಗಭೂಮಿಯ ದೊಡ್ಡ ಹೆಸರಾದರು. ರಾಜ್‌ಕುಮಾರ್, ಜಿ.ವಿ. ಅಯ್ಯರ್ ಅವರಂಥವರು ಆ ಕಂಪನಿಯ ನೆರಳಿನಲ್ಲಿ ಪಳಗಿದವರು. ಅಲ್ಲಿ ಪಾತ್ರ ಮಾಡುತ್ತಿದ್ದ ಹುಡುಗರಿಗೆ ನಾಟಕವೆಂಬುದು ಪಠ್ಯೇತರ ಚಟುವಟಿಕೆಯಾಗಿರಲಿಲ್ಲ. ಅದೇ ಅವರ ಪಠ್ಯ, ಅದೇ ಅವರ ಹೊಟ್ಟೆಪಾಡು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಇಂಗ್ಲಿಷ್ ಏಕಾಂಕವೊಂದರಲ್ಲಿ ಎರಡು ಮಾತು ಹೇಳಿದವನಿಗೆ ಅಂಕ ಸಿಗುವ ಪಟ್ಟಿಯಲ್ಲಿ ರಾತ್ರಿಯಿಡೀ ಬಣ್ಣ ಹಚ್ಚಿ ನಿಂತವನಿಗೆ ಜಾಗವಿರಲಿಲ್ಲ. ಅವನು ಆ ಸಂದರ್ಶನದ ಬಾಗಿಲಿಗೆ ಬರುವುದೇ ಅಪರೂಪ.

ಆದರೂ ಇಂಥ ಪ್ರತಿಭೆ ವಿಶ್ವವಿದ್ಯಾಲಯದ ಬಾಗಿಲು ದಾಟಿದ ಒಂದು ದೃಷ್ಟಾಂತ ಗುಬ್ಬಿಯ ಚರಿತ್ರೆಯಲ್ಲೇ ಇದೆ. ದಕ್ಷಿಣ ಕನ್ನಡದ ಬಾಬುಕೋಡಿಯ ಹುಡುಗನೊಬ್ಬ ಮನೆಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ. ಅವನಲ್ಲಿದ್ದ ಸತ್ವವನ್ನು ಕಂಡ ವೀರಣ್ಣನವರು ಮುಂದೆ ಎಂ.ಎ. ಓದಲು ಅವನನ್ನು ಬನಾರಸ್ಸಿಗೆ ಕಳುಹಿಸಿಕೊಟ್ಟರು. ಅವರೇ ಬಿ.ವಿ. ಕಾರಂತರು (1929-2002). ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಮೈಸೂರಿನ ರಂಗಾಯಣವನ್ನು ಕಟ್ಟಿದವರಾಗಿ ಅವರನ್ನು ನಾಡು ಬಲ್ಲದು. ಇಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ವೀರಣ್ಣನವರು ಆ ಹುಡುಗನನ್ನು ಅಳೆದದ್ದು ಐದು ನಿಮಿಷದ ಸಂದರ್ಶನದಲ್ಲಲ್ಲ. ಅವನ ಕೆಲಸವನ್ನು ದಿನವೂ ಕಂಡು ಅಳೆದರು. ಅಳೆದವರು ಓದಿನ ಖರ್ಚಿನ ಭಾರವನ್ನೂ ನೆನೆದರು.

ನ್ಯಾಯಾಲಯ ಕಂಡದ್ದು

1963ರ ಸಂದರ್ಶನದಲ್ಲಿ ಕಡಿಮೆ ಅಂಕ ಪಡೆದು ಸೀಟು ಕಳೆದುಕೊಂಡವರು ನ್ಯಾಯಾಲಯದ ಮೆಟ್ಟಿಲೇರಿದರು. 'ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ' ಎಂದು ಹೆಸರಾದ ಆ ಪ್ರಕರಣದ ತೀರ್ಪನ್ನು ಸುಪ್ರೀಂ ಕೋರ್ಟು 1964ರ ಜನವರಿಯಲ್ಲಿ ನೀಡಿತು. ಹಿಂದುಳಿದ ವರ್ಗಗಳನ್ನು ಗುರುತಿಸುವ ಬಗೆಯ ಕುರಿತು ಆ ತೀರ್ಪು ಹೇಳಿದ ಮಾತುಗಳು ಪ್ರಸಿದ್ಧವಾಗಿವೆ. ಅದೇ ತೀರ್ಪು ಸಂದರ್ಶನದ ಪದ್ಧತಿಯನ್ನೂ ಎತ್ತಿಹಿಡಿದಿತ್ತು ಎಂಬುದನ್ನು ನೆನೆಯುವವರು ಕಡಿಮೆ. ಪದ್ಧತಿ ದುರುಪಯೋಗವಾಗಬಹುದು ಎಂಬ ಕಾರಣಕ್ಕೇ ಅದನ್ನು ಸಂವಿಧಾನಬಾಹಿರ ಎನ್ನಲಾಗದು ಎಂಬುದು ಬಹುಮತದ ನಿಲುವು. ನ್ಯಾಯಮೂರ್ತಿ ಮುಧೋಳ್ಕರ್ ಭಿನ್ನಮತ ದಾಖಲಿಸಿದರು.

ದುರುಪಯೋಗದ ಆತಂಕ ನಿಜವೆಂದು ತೋರಲು ಹೆಚ್ಚು ಕಾಲ ಬೇಕಾಗಲಿಲ್ಲ. 1970ರಲ್ಲಿ ನೆರೆಯ ತಮಿಳುನಾಡಿನ ವೈದ್ಯಕೀಯ ಆಯ್ಕೆಯ ಪ್ರಕರಣ ಬಂತು. ಅಲ್ಲಿಯೂ ಸಂದರ್ಶನದ ಪಟ್ಟಿಯಲ್ಲಿ ಕ್ರೀಡೆ, ಎನ್.ಸಿ.ಸಿ., ಪಠ್ಯೇತರ ಸೇವೆಗಳಿದ್ದವು. ಆದರೆ ಸಮಿತಿ ಪ್ರತಿಯೊಂದು ಅಂಶಕ್ಕೂ ಬೇರೆ ಬೇರೆ ಅಂಕ ಕೊಡದೆ ಎಲ್ಲಕ್ಕೂ ಸೇರಿ ಒಂದೇ ಅಂಕ ಹಾಕಿತ್ತು. ಇದು ಕಾನೂನಿಗೆ ವಿರುದ್ಧ ಎಂದಿತು ಸುಪ್ರೀಂ ಕೋರ್ಟು. ಆಟಕ್ಕೆ ಎಷ್ಟು, ಮಾತಿಗೆ ಎಷ್ಟು, ಮುಖ ನೋಡಿ ಎಷ್ಟು ಎಂದು ಬೇರ್ಪಡಿಸಿ ಹೇಳಲಾಗದ ಅಂಕಕ್ಕೆ ಲೆಕ್ಕ ಕೊಡುವವರು ಯಾರು?

1980ರ ನವೆಂಬರಿನಲ್ಲಿ ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಸ್ಪಷ್ಟವಾಗಿ ಮಾತಾಡಿತು. ಅಲ್ಲಿ ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕಗಳಿದ್ದವು. ಒಬ್ಬೊಬ್ಬ ಅಭ್ಯರ್ಥಿಯ ಸಂದರ್ಶನ ಎರಡು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ಮೂರನೆಯ ಒಂದು ಭಾಗ ಅಂಕವನ್ನು ಹೀಗೆ ಹಂಚುವುದು ಸ್ವೇಚ್ಛಾಚಾರ, ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಸಲ್ಲದು ಎಂದು ನ್ಯಾಯಾಲಯ ಹೇಳಿತು. ಮೈಸೂರಿನ ಶೇ. 25ನ್ನು ಒಪ್ಪಿದ್ದ ನ್ಯಾಯಾಲಯ ಹದಿನಾರು ವರ್ಷಗಳಲ್ಲಿ ಕಲಿತ ಪಾಠ ಇದು.

ಹಾರ್ವರ್ಡಿನ ಹಳೆಯ ಗುಟ್ಟು

ಈ ಪಾಠ ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಇಂದು 'ಸರ್ವಾಂಗೀಣ ವ್ಯಕ್ತಿತ್ವ' ನೋಡಿ ಸೇರಿಸಿಕೊಳ್ಳುವ ಪದ್ಧತಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಮಾದರಿಯಾಗಿ ತೋರಿಸಲಾಗುತ್ತದೆ. ಆ ಪದ್ಧತಿಯ ಹುಟ್ಟನ್ನು ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ 2005ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ವಿವರವಾಗಿ ಬಿಡಿಸಿಟ್ಟಿದ್ದಾರೆ. 1920ರ ದಶಕದ ಆರಂಭದಲ್ಲಿ ಹಾರ್ವರ್ಡಿನ ಹೊಸ ವಿದ್ಯಾರ್ಥಿಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಯಹೂದಿಗಳಾಗಿದ್ದರು. ವಲಸೆ ಬಂದ ಬಡ ದರ್ಜಿಗಳ, ಸಣ್ಣ ವ್ಯಾಪಾರಿಗಳ ಮಕ್ಕಳು ಪರೀಕ್ಷೆಯಲ್ಲಿ ಗೆದ್ದು ಬರುತ್ತಿದ್ದರು. ಅಧ್ಯಕ್ಷ ಲಾರೆನ್ಸ್ ಲೋವೆಲ್ ಅವರಿಗೆ ಇದು ಹಿಡಿಸಲಿಲ್ಲ. 1922ರಲ್ಲಿ ಅವರು ಯಹೂದಿಗಳಿಗೆ ಮಿತಿ ಹಾಕಬಯಸಿದರು. ಬಹಿರಂಗವಾದ ಮಿತಿಗೆ ಅಧ್ಯಾಪಕರು ಒಪ್ಪಲಿಲ್ಲ. ಆಗ 1926ರಿಂದ ಪರೀಕ್ಷೆಯ ಅಂಕದ ಜೊತೆಗೆ 'ಶೀಲ', 'ವ್ಯಕ್ತಿತ್ವ' ಮುಂತಾದವುಗಳಿಗೆ ಮಹತ್ವ ಬಂತು. ಅರ್ಜಿಯ ಜೊತೆ ಭಾವಚಿತ್ರವನ್ನೂ ಕೇಳತೊಡಗಿದರು. ಯಹೂದಿಗಳ ಪ್ರಮಾಣ ಇಳಿಯಿತು. ಯಾರನ್ನೂ ಹೊರಗಿಟ್ಟೆವು ಎಂದು ಯಾರೂ ಹೇಳಬೇಕಾಗಲಿಲ್ಲ.

ಸುಮಾರು ನೂರು ವರ್ಷಗಳ ಬಳಿಕ ಅದೇ ಹಾರ್ವರ್ಡಿನ ಮೇಲೆ ನಡೆದ ಮೊಕದ್ದಮೆಯಲ್ಲಿ, ಏಷ್ಯಾ ಮೂಲದ ವಿದ್ಯಾರ್ಥಿಗಳಿಗೆ 'ವೈಯಕ್ತಿಕ ಗುಣ'ದ ಅಂಕ ಸರಾಸರಿಯಲ್ಲಿ ಕಡಿಮೆ ಬೀಳುತ್ತಿದ್ದುದು ಬಯಲಾಯಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಕರಿಯರ ಹಾಗೂ ಇತರ ವಂಚಿತರ ಪರವಾಗಿದ್ದ ಜನಾಂಗಾಧಾರಿತ ಪ್ರವೇಶ ಕ್ರಮವನ್ನೇ ತಡೆಯಿತು. ಅದು ಬೇರೆಯದೇ ದುಃಖದ ಕತೆ. ನಮಗೆ ಇಲ್ಲಿ ಬೇಕಾದ ಮಾತು ಇಷ್ಟು: ಅಳತೆಗೋಲು ಮಸುಕಾಗಿದ್ದಷ್ಟೂ ಬಾಗಿಲ ಬಳಿ ನಿಂತವನ ಪೂರ್ವಗ್ರಹಕ್ಕೆ ಅನುಕೂಲ. ಅಲ್ಪಸಂಖ್ಯಾತರು, ದಲಿತರು, ಹಳ್ಳಿಯವರು ಈ ಅನುಕೂಲದ ಬೆಲೆ ತೆರುತ್ತಾ ಬಂದಿದ್ದಾರೆ.

ಹಣದ ಬಾಗಿಲು, ಅಂಕದ ಬಾಗಿಲು

ಸಂದರ್ಶನಕ್ಕಿಂತ ಬಲಿಷ್ಠವಾದ ಮತ್ತೊಂದು ಅಳತೆಗೋಲು ಹಣ. ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ಮಾಡಿತು. ಆದರೆ ಆ ಕಾಯ್ದೆಯಡಿಯಲ್ಲೇ 1989ರ ಜೂನ್‌ನಲ್ಲಿ ಹೊರಟ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಮೂರು ಬಗೆಯ ವಾರ್ಷಿಕ ಶುಲ್ಕ ಗೊತ್ತುಪಡಿಸಿತು. ಸರಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರ ರಾಜ್ಯದವರಿಗೆ 60,000ದವರೆಗೆ. ತುಮಕೂರಿನ ಅಗಳಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಬಯಸಿದ್ದ ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಇದನ್ನು ಪ್ರಶ್ನಿಸಿದರು. ಅದೇ 1992ರ ಪ್ರಖ್ಯಾತ ಮೋಹಿನಿ ಜೈನ್ ಪ್ರಕರಣ. ಶಿಕ್ಷಣದ ಹಕ್ಕು ಬದುಕಿನ ಹಕ್ಕಿನಿಂದಲೇ ಹುಟ್ಟುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು ಆ ತೀರ್ಪಿನಲ್ಲಿ. 1993ರ ಉನ್ನಿಕೃಷ್ಣನ್ ತೀರ್ಪು ಅದನ್ನು ತಿದ್ದಿ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು, ವೃತ್ತಿಶಿಕ್ಷಣದ ಸೀಟುಗಳ ಹಂಚಿಕೆಗೆ ಹೊಸ ವ್ಯವಸ್ಥೆ ವಿಧಿಸಿತು.

ಅದರ ಫಲವಾಗಿ 1994ರಲ್ಲಿ ಕರ್ನಾಟಕದಲ್ಲಿ ಸಿ.ಇ.ಟಿ. ಬಂತು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ರ‍್ಯಾಂಕ್ ಪಟ್ಟಿ, ಬಹಿರಂಗ ಸೀಟು ಹಂಚಿಕೆ. ಕುಣಿಗಲ್ಲಿನ ಕೂಲಿಕಾರನ ಮಗಳು ಯಾರ ಶಿಫಾರಸೂ ಇಲ್ಲದೆ, ಯಾರ ಮುಂದೆಯೂ ತನ್ನ 'ವ್ಯಕ್ತಿತ್ವ' ಪ್ರದರ್ಶಿಸದೆ ತನ್ನ ರ‍್ಯಾಂಕಿನ ಬಲದಿಂದ ಕಾಲೇಜು ಆರಿಸಿಕೊಳ್ಳುವಂತಾಯಿತು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು ಸೇರಿದವು. ಇದು ಸಣ್ಣ ಸಾಧನೆಯಲ್ಲ. ನಮ್ಮ ಸಮುದಾಯದ ಎಷ್ಟೋ ಮನೆಗಳಲ್ಲಿ ಮೊದಲ ವೈದ್ಯ, ಮೊದಲ ಇಂಜಿನಿಯರ್ ಹುಟ್ಟಿದ್ದು ಈ ಬಾಗಿಲಿನಿಂದ.

ಪಠ್ಯೇತರ ಚಟುವಟಿಕೆ ಆಗಲೂ ಪೂರ್ತಿ ಮಾಯವಾಗಲಿಲ್ಲ. ಎನ್.ಸಿ.ಸಿ., ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ವಿಶೇಷ ವರ್ಗಗಳು ಉಳಿದವು. ಇಲ್ಲಿ ಸಂದರ್ಶಕನ ಮರ್ಜಿ ನಡೆಯುವುದಿಲ್ಲ, ದಾಖಲೆ ಪರಿಶೀಲಿಸಿ ಆದ್ಯತೆ ನಿಗದಿ ಮಾಡುತ್ತಾರೆ. ಇದು 1963ಕ್ಕಿಂತ ಖಂಡಿತ ಮೇಲು. ಆದರೆ ಈ ಸೀಟುಗಳು ಕೆಲವೇ ಕೆಲವು, ಮತ್ತು ಅಷ್ಟು ಎತ್ತರದ ಪ್ರಮಾಣಪತ್ರ ತರಲು ಮೊದಲು ಊರಿನ ಶಾಲೆಯಲ್ಲಿ ತರಬೇತಿ ಕೊಡುವವರಿರಬೇಕು.

ಸಿ.ಇ.ಟಿ.ಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಅಂಕ ಮಾತ್ರವೇ ದೇವರಾದ ಮೇಲೆ ಪಿಯುಸಿಯ ಎರಡು ವರ್ಷ ಮೈದಾನಗಳು ಬಿಕೋ ಎಂದವು. ಬೆಳಗ್ಗೆ ಟ್ಯೂಷನ್, ಹಗಲು ಕಾಲೇಜು, ಸಂಜೆ ಮತ್ತೆ ಟ್ಯೂಷನ್. ಹೈಸ್ಕೂಲಿನಲ್ಲಿ ಜಿಲ್ಲಾ ಮಟ್ಟದಲ್ಲಿ ಓಡಿದ ಹುಡುಗಿಗೆ ಪಿಯುಸಿಯಲ್ಲಿ ಮನೆಯವರೇ ಓಟ ನಿಲ್ಲಿಸುತ್ತಾರೆ. ಗಾಂಧಿ ಶತಮಾನೋತ್ಸವದ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳಿಂದ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳೂ ಹಲವರಿಗೆ ಹಾಜರಿ ಪುಸ್ತಕದ ವಿಷಯವಾಗಿಬಿಟ್ಟಿವೆ. ಲೆಕ್ಕಕ್ಕೆ ತೆಗೆದುಕೊಂಡರೆ ಚಟುವಟಿಕೆ ಉಳ್ಳವರ ಆಸ್ತಿಯಾಗುತ್ತದೆ, ತೆಗೆದುಕೊಳ್ಳದಿದ್ದರೆ ಯಾರ ಪಾಲಿಗೂ ಉಳಿಯುವುದಿಲ್ಲ. ಈ ಇಕ್ಕಟ್ಟಿಗೆ ದಾರಿ ಯಾವುದು?

ಕೊರತೆಗೂ ಅಂಕ

ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿಯನ್ನು ನಾವು ಮುಸ್ಲಿಮರ ಬಡತನದ ಅಂಕಿಅಂಶಗಳಿಗಾಗಿ ಮಾತ್ರ ನೆನೆಯುತ್ತೇವೆ. ಅದರಲ್ಲಿ ಕಾಲೇಜು ಪ್ರವೇಶದ ಬಗ್ಗೆ ಒಂದು ಅಪರೂಪದ ಸಲಹೆಯಿದೆ. ಒಟ್ಟು 100ರಲ್ಲಿ ಪ್ರತಿಭೆಗೆ ಗರಿಷ್ಠ 60 ಅಂಕ ಇರಲಿ. ಉಳಿದ 40ರಲ್ಲಿ ಕುಟುಂಬದ ಆದಾಯಕ್ಕೆ 13, ಜಿಲ್ಲೆಯ ಹಿಂದುಳಿದಿರುವಿಕೆಗೆ 13, ಕುಟುಂಬದ ಕಸುಬು ಮತ್ತು ಜಾತಿಗೆ 14 ಅಂಕ ಇರಲಿ ಎಂಬುದು ಆ ಸಲಹೆ. ಇದು ಮುಸ್ಲಿಮರಿಗಷ್ಟೇ ಅಲ್ಲ, ಎಲ್ಲ ಸಮುದಾಯಗಳ ಬಡವರಿಗೂ ಅನ್ವಯಿಸುವ ಸೂತ್ರ.

1963ರ ಪಟ್ಟಿಯನ್ನೂ ಈ ಸೂತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮೊದಲನೆಯದು ಮಗುವಿಗೆ ಅಂಕದ ಹೊರತಾಗಿ ಏನೇನು ಸಿಕ್ಕಿದೆ ಎಂದು ಕೇಳುತ್ತದೆ. ಎರಡನೆಯದು ಏನೇನು ಸಿಗಲಿಲ್ಲ ಎಂದು ಕೇಳುತ್ತದೆ. ತೆಳು ಫೈಲಿನ ಮಗುವಿಗೆ ಮೊದಲ ಬಾರಿಗೆ ಹೇಳಿಕೊಳ್ಳಲು ಏನಾದರೂ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ. ಎಂಬತ್ತು ಅಂಕ ಪಡೆಯಲು ಒಬ್ಬನು ಎಷ್ಟು ದೂರ ನಡೆದು ಬಂದ ಎಂಬುದೂ ಪ್ರತಿಭೆಯ ಭಾಗವೇ ತಾನೆ?

ದೆಹಲಿ ವಿಶ್ವವಿದ್ಯಾಲಯ ಕ್ರೀಡೆ ಹಾಗೂ ಪಠ್ಯೇತರ ಚಟುವಟಿಕೆಗಳಿಗೆ ಹೆಚ್ಚುವರಿ ಸೀಟುಗಳನ್ನಿಟ್ಟು, ಕಾಗದದ ಜೊತೆಗೆ ಅಭ್ಯರ್ಥಿಯನ್ನು ಪ್ರತ್ಯಕ್ಷವಾಗಿ ಆಡಿಸಿ, ಹಾಡಿಸಿ ನೋಡುವ ಕ್ರಮ ಇಟ್ಟುಕೊಂಡಿದೆ. ಇದೂ ಪರಿಗಣಿಸಬಹುದಾದ ದಾರಿ. ಕೆರೆಯಲ್ಲಿ ಕಲಿತ ಈಜು ನೀರಿಗಿಳಿದಾಗ ತಾನೇ ಮಾತಾಡುತ್ತದೆ, ಅದಕ್ಕೆ ಸರ್ಟಿಫಿಕೇಟಿನ ಹಂಗಿಲ್ಲ.

ಆದರೆ ಇವೆಲ್ಲ ಬಾಗಿಲ ಬಳಿಯ ತಿದ್ದುಪಡಿಗಳು. ಮೂಲ ಕೆಲಸ ಶಾಲೆಯದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಸಹಪಠ್ಯ, ಪಠ್ಯೇತರ ಎಂಬ ಗೋಡೆಗಳು ಬೇಡ ಎಂದಿತು. ಆ ನೀತಿಯ ಬಗ್ಗೆ ನಮಗೆ ಹಲವು ತಕರಾರುಗಳಿರಬಹುದು, ಆದರೂ ಈ ಮಾತು ಸರಿಯಾದದ್ದೇ. ಗೋಡೆ ಬೀಳಬೇಕಾದರೆ ಗುಬ್ಬಿ ತಾಲೂಕಿನ ಸರಕಾರಿ ಶಾಲೆಗೂ ದೈಹಿಕ ಶಿಕ್ಷಕರು ಬೇಕು, ಕುಣಿಗಲ್ಲಿನ ಉರ್ದು ಶಾಲೆಗೂ ಆಟದ ಮೈದಾನ ಬೇಕು, ತುಮಕೂರಿನ ಹೆಣ್ಣುಮಕ್ಕಳ ಶಾಲೆಗೂ ಚರ್ಚಾಕೂಟ ಬೇಕು. ನಮ್ಮ ಸಮುದಾಯದ ಆಡಳಿತ ಮಂಡಳಿಗಳು ಕಟ್ಟಡದ ಮೇಲೆ ಇನ್ನೊಂದು ಮಹಡಿ ಏರಿಸುವ ಮುನ್ನ ಮೈದಾನದ ಬಗ್ಗೆಯೂ ಯೋಚಿಸಲಿ. ಹೈಸ್ಕೂಲು ದಾಟಿದ ಮೇಲೆ ಹೆಣ್ಣುಮಗಳ ಆಟ, ಭಾಷಣ, ಚಿತ್ರಕಲೆಯನ್ನು ನಿಲ್ಲಿಸುವ ಮನೆಗಳು ತಮ್ಮನ್ನು ತಾವು ಕೇಳಿಕೊಳ್ಳಲಿ: ಸರಕಾರ ಮುಚ್ಚಿದ ಬಾಗಿಲುಗಳ ಬಗ್ಗೆ ದೂರುವ ನಾವು ನಮ್ಮ ಕೈಯಿಂದಲೇ ಮುಚ್ಚಿದ ಬಾಗಿಲುಗಳೆಷ್ಟು?

ಪೋಷಕರಲ್ಲೂ ನಮ್ಮದೊಂದು ಅರಿಕೆಯಿದೆ. ಮಗುವಿನ ಫೈಲು ದಪ್ಪವಾಗಲೆಂದು ಅದನ್ನು ತರಗತಿಯಿಂದ ತರಗತಿಗೆ ಓಡಿಸಬೇಡಿ. ಕಾಲೇಜಿನ ಬಾಗಿಲಿಗಾಗಿ ಕಲಿತ ಕಲೆ ಬಾಗಿಲು ದಾಟಿದ ದಿನವೇ ಸಾಯುತ್ತದೆ. ಗುಬ್ಬಿಯ ರಂಗದ ಮೇಲೆ ನಿಂತ ಹುಡುಗರು ಯಾವ ಅರ್ಜಿಗಾಗಿಯೂ ಬಣ್ಣ ಹಚ್ಚಿಕೊಂಡವರಲ್ಲ. ಅವರಲ್ಲೊಬ್ಬನನ್ನು ವಿಶ್ವವಿದ್ಯಾಲಯದವರೆಗೆ ತಲುಪಿಸಲು ಅವನ ಕೆಲಸವನ್ನು ಹತ್ತಿರದಿಂದ ಕಂಡ ಒಬ್ಬ ಹಿರಿಯ ಸಾಕಾದರು. ತೆಳು ಫೈಲು ಹಿಡಿದು ಝೆರಾಕ್ಸ್ ಅಂಗಡಿಯ ಮುಂದೆ ನಿಂತ ಮಗುವಿಗೆ ಅಂಥ ಹಿರಿಯರಾಗುವ ಜವಾಬ್ದಾರಿ ಇಂದು ಶಾಲೆಯದು, ಸರಕಾರದ್ದು, ನಮ್ಮೆಲ್ಲರದು.